ಅನಸೂಯಮ್ಮನ ಶೆಡ್ಡಿಗೆ ರೌಟರು ಬಂದದ್ದು

ಬೀರೂರಿನ ರೈಲ್ವೆ ಗೇಟು ದಾಟಿದರೆ ಎಡಗಡೆ ಒಂದು ಮರಗೆಲಸದ ಶೆಡ್ಡು. ಶೆಡ್ಡಿಗೊಬ್ಬ ಮಗ, ಮಗನಿಗೊಬ್ಬಳು ತಾಯಿ. ಮಗನ ಹೆಸರು ಮೋನಪ್ಪ. ತಾಯಿಯ ಹೆಸರು ಅನಸೂಯಮ್ಮ. ಮಗನಿಗೆ ಇಪ್ಪತ್ತಾರು ವರ್ಷ, ತಾಯಿಗೆ ಇಪ್ಪತ್ತಾರು ವರ್ಷದ ಸಿಟ್ಟು.

ಮೋನ ಕೆಟ್ಟವನಲ್ಲ. ಸೋಮಾರಿಯಂತೂ ಅಲ್ಲವೇ ಅಲ್ಲ. ಗೆರೆ ಎಳೆದುಕೊಟ್ಟರೆ ಅವನ ಗರಗಸ ಕೂದಲಷ್ಟೂ ಆಚೀಚೆ ಹೋಗದು. ಎಲ್ಲಿ ನಿಲ್ಲಿಸಬೇಕು ಅಂತ ಹೇಳೋದು ಮರೆತರೆ ಮಾತ್ರ ಹಲಗೆ ಮುಗಿದು, ಕೆಳಗಿನ ಬೆಂಚೂ ಅರ್ಧ ಮುಗಿದಿರುತ್ತಿತ್ತು. 'ಯಾಕೋ' ಅಂದರೆ 'ಸಾಕು ಅನ್ನಲಿಲ್ಲವಲ್ಲಮ್ಮ' ಅನ್ನುತ್ತಿದ್ದ. ಅವನು ಹೇಳೋದರಲ್ಲಿ ಸುಳ್ಳಿಲ್ಲ. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು.

ಗಂಡ ರುದ್ರಾಚಾರಿ ತೀರಿಕೊಂಡು ಎರಡು ವರ್ಷ. ಅವನಿರುವಾಗ ಕೀಸುಳಿ ಹಿಡಿದು ಹಲಗೆಯ ಅಂಚಿಗೆ ಎರಡು ಗೆರೆ, ಒಂದು ಗುಂಡು ಎಬ್ಬಿಸುತ್ತಿದ್ದ. ಊರಲ್ಲಿ ಅಂಥ ಕೈ ಇರಲಿಲ್ಲ. ಅನಸೂಯಮ್ಮ ಮೂವತ್ತು ವರ್ಷ ಪಕ್ಕದಲ್ಲೇ ನಿಂತು ನೋಡಿದವಳು. ಯಾವ ಮರ ಎಲ್ಲಿ ಸಿಬಿರೇಳುತ್ತೆ, ಯಾವ ಉಳಿ ಯಾವಾಗ ಜಾರುತ್ತೆ, ಎಲ್ಲ ಗೊತ್ತು. ಆದರೆ ಆ ಮನೆತನದಲ್ಲಿ ಹೆಂಗಸರು ಉಳಿ ಮುಟ್ಟೋ ಹಾಗಿಲ್ಲ. ಹೊಟ್ಟು ಗುಡಿಸಬಹುದು, ಹೊಟ್ಟಿನಲ್ಲಿ ಒಲೆ ಉರಿಸಬಹುದು, ಟೀ ತಂದು ಕೊಡಬಹುದು. ಆಯುಧಪೂಜೆಗೆ ಉಳಿಯ ಬಾಯಿಗೆ ಕುಂಕುಮ ಹಚ್ಚಬಹುದು. ಹಚ್ಚೋಕೆ ಮುಟ್ಟಿದರೆ ಮೈಲಿಗೆಯಿಲ್ಲ, ಕೆಲಸಕ್ಕೆ ಮುಟ್ಟಿದರೆ ಮೈಲಿಗೆ. ಈ ಲೆಕ್ಕ ಮಾಡಿದವನು ಯಾರೋ, ಅವನಿಗೆ ಟೀ ತಂದುಕೊಟ್ಟವಳು ಯಾರೋ.

ಹಾಗಾಗಿ ಬುದ್ಧಿ ಅವಳದು, ಕೈ ಮೋನನದು. ನಡುವೆ ಬಾಯಿಮಾತೊಂದೇ ಸೇತುವೆ. ಆ ಸೇತುವೆ ದಿನಕ್ಕೆ ಮೂರು ಸಲ ಕುಸಿಯುತ್ತಿತ್ತು.

ಇಂಥದ್ದರಲ್ಲಿ ರಿಟೈರಾದ ಸುಲೋಚನಾ ಟೀಚರ್ ಹೊಸ ಮನೆ ಕಟ್ಟಿಸಿ, ಅಡುಗೆಮನೆ ಕಪಾಟಿಗೆ ಹದಿನಾಲ್ಕು ಬಾಗಿಲು ಹೇಳಿದರು. "ಅಂಚು ರುದ್ರಾಚಾರಿ ಮಾಡ್ತಿದ್ದ ಹಾಗೇ ಇರಲಿ. ಯುಗಾದಿಗೆ ಹಾಲುಕ್ಕಿಸೋದು" ಅಂದರು. ಅನಸೂಯಮ್ಮ ಒಪ್ಪಿಕೊಂಡಳು.

ಮಾರನೆಯ ದಿನವೇ ಮೈದುನ ಕಾಳಾಚಾರಿ ಸ್ಕೂಟರ್ ಏರಿ ಬಂದ. ಮರಗೆಲಸ ಬಿಟ್ಟು ಪ್ಲಾಸ್ಟಿಕ್ ಬಾಗಿಲು ಮಾರುವವನು. ಬಕ್ಕತಲೆ, ಮೊಣಕಾಲಿನವರೆಗೆ ಜುಬ್ಬ, ಜುಬ್ಬದ ಎರಡು ಜೇಬಿನಲ್ಲೂ ಅಡಿಕೆ, ಟೇಪು, ಚಿಲ್ಲರೆ, ಹತ್ತಾರು ಕೀಲಿ. ನಡೆದರೆ ಎತ್ತು ನಡೆದ ಹಾಗೆ ಝಣ ಝಣ.

"ಅತ್ತಿಗೆ, ನಿಮಗೆ ಉಳಿ ಇಲ್ಲ, ಇವನಿಗೆ ತಲೆ ಇಲ್ಲ. ಹದಿನಾಲ್ಕು ಬಾಗಿಲು ಯಾರು ಮಾಡ್ತಾರೆ? ಯುಗಾದಿಗೆ ಆಗಲಿಲ್ಲ ಅಂದ್ರೆ ಮನೆತನದ ಹೆಸರು ಹೋಗ್ತದೆ. ಈ ಶೆಡ್ಡಿನ ಬೀಗದ ಕೈ ನನ್ನ ಕೈಗೆ ಕೊಟ್ಟುಬಿಡಿ. ನಾನಿಲ್ಲಿ ಗೋಡೌನ್ ಮಾಡ್ಕೋತೀನಿ."

"ಆಗದಿದ್ರೆ ತಾನೇ" ಅಂದಳು ಅನಸೂಯಮ್ಮ.

"ಆಗದಿದ್ರೆ ಕೊಡ್ತೀರಾ?"

"ಕೊಡ್ತೀನಿ ಹೋಗು."

"ಯುಗಾದಿ ಹಿಂದಿನ ದಿನ ಅಮಾವಾಸ್ಯೆ, ನೆನಪಿರಲಿ" ಅಂದ ಕಾಳಾಚಾರಿ. ಅಮಾವಾಸ್ಯೆ ದಿನ ಆಚಾರಿಗಳು ಆಯುಧ ಮುಟ್ಟೋದಿಲ್ಲ. "ನಿಮಗೆ ಒಂದು ದಿನ ಕಡಿಮೇನೇ."

ಝಣ ಝಣ ಹೋದ. ಅನಸೂಯಮ್ಮ ಪೊರಕೆ ಎತ್ತಿ ಅವನು ಕೂತಿದ್ದ ಜಾಗವನ್ನು ಮೂರು ಸಲ ಗುಡಿಸಿದಳು.

ಕೀಸುಳಿಯಲ್ಲಿ ಮೋನನ ಕೈಲಿ ಆ ಅಂಚು ಆಗದು. ಆಗೋದಿದ್ದರೆ ರೌಟರ್ ಮಿಷನ್ನಿನಲ್ಲಿ ಆಗಬೇಕು. ಗರ್ ಅಂತ ತಿರುಗುವ ಅದರ ಬಿಟ್ಟು, ಅಂದರೆ ಕೊರೆಯುವ ಅಲಗು, ಹಲಗೆಯ ಅಂಚನ್ನು ತಿನ್ನುತ್ತ ಹೋಗುತ್ತೆ, ಬೇಕಾದ ಆಕಾರಕ್ಕೆ ಬೇಕಾದ ಬಿಟ್ಟು. ಅದನ್ನು ಒಂದು ಟೇಬಲ್ಲಿಗೆ ಕಟ್ಟಿದರೆ ಹಲಗೆಯನ್ನು ತಳ್ಳಿಕೊಂಡು ಹೋದರಾಯಿತು. ಕಟ್ಟುತ್ತಿದ್ದ ಚೀಟಿ ಎತ್ತಿ ದುಡ್ಡು ಹೊಂದಿಸಿದಳು. ಮಗನನ್ನು ಕರೆದಳು.

"ಶಿವಮೊಗ್ಗಕ್ಕೆ ಹೋಗಿ ಮಿಷನ್ ನೋಡ್ಕೊಂಡು ಬಾ. ಬರೀ ನೋಡೋದು. ಕೈ ಹಚ್ಚಬೇಡ, ಬಾಯಿ ಬಿಡಬೇಡ. ಬಾಯಿ ಬಿಟ್ಟವರ ತಲೆಗೇ ಕಟ್ಟಿಬಿಡ್ತಾರೆ."

"ಆಗಲಮ್ಮ" ಅಂದ ಮೋನ.

ರೈಲು ಹತ್ತಿದ, ಶಿವಮೊಗ್ಗದಲ್ಲಿ ಇಳಿದ, ಅಂಗಡಿ ಮುಂದೆ ನಿಂತ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಿಂತ. ಏನು ಬೇಕು ಅಂದರು, ಬಾಯಿ ಬಿಡಲಿಲ್ಲ. ಯಾವ ಊರು ಅಂದರು, ಬಿಡಲಿಲ್ಲ. ಪಾಪ ಮೂಗ ಇರಬೇಕು ಅಂತ ಟೀ ಕೊಟ್ಟರು, ಕೈ ಹಚ್ಚಲಿಲ್ಲ. ಮನೆಗೆ ಬಂದ.

"ಏನು ನೋಡಿದೆ?"

"ಹಸಿರಂದು ಎರಡು, ಕೆಂಪಂದು ಒಂದು, ಕಪ್ಪಂದು ಒಂದು."

"ಆಮೇಲೆ?"

"ಆಮೇಲೆ ಟೀ ಮೇಲೆ ಕೆನೆ ಕಟ್ತು."

ಅನಸೂಯಮ್ಮ ಕೈಲಿದ್ದ ಮೊರ ಕೆಳಗೆ ಹಾಕಿದಳು. "ಬಣ್ಣ ನೋಡಿ ತರೋಕೆ ಅದೇನು ಸೀರೇನಾ? ಕೈಯಲ್ಲಿ ಹಿಡಿದು ಎತ್ತಿ ನೋಡಬೇಕು ಕಣೋ. ತೂಕ ನೋಡಬೇಕು. ಓಡಿಸಿ ಸದ್ದು ಕೇಳಬೇಕು. ನಡುಗುತ್ತಾ ನೋಡಬೇಕು. ನಡುಗಿದ್ದು ಬೇಡ, ನಡುಗದೇ ಇದ್ದದ್ದು ಬೇಕು. ತಿಳೀತಾ ನಿನ್ನ ಹೊಟ್ಟು ತುಂಬಿದ ತಲೆಗೆ?"

"ತಿಳೀತಮ್ಮ. ಎತ್ತಬೇಕು, ತೂಕ, ಸದ್ದು, ನಡುಗಬಾರದು."

ಅಷ್ಟರಲ್ಲಿ ಕಡೂರಿನಲ್ಲಿ ಯಾರೋ ಮರಗೆಲಸ ನಿಲ್ಲಿಸಿ ರೌಟರ್ ಟೇಬಲ್ ಮಾರುತ್ತಿದ್ದಾರೆ ಅಂತ ಸುದ್ದಿ ಬಂತು. ಬರೀ ಟೇಬಲ್ಲು, ಮಿಷನ್ ಇಲ್ಲ. ಅಗ್ಗಕ್ಕೆ ಸಿಗುವ ಹಾಗಿತ್ತು. "ಹೋಗಿ ನೋಡ್ಕೊಂಡು ಬಾ" ಅಂದಳು.

ಮೋನ ಹೋದ. ಟೇಬಲ್ಲು ಜಗಲಿ ಮೇಲಿತ್ತು. ಎತ್ತಬೇಕು ಅಂದಿದ್ದಳು, ಎತ್ತಿದ. ತೂಕ ನೋಡಬೇಕು ಅಂದಿದ್ದಳು, ತಲೆ ಮೇಲಿಟ್ಟುಕೊಂಡು ಮೂರು ಬೀದಿ ದಾಟಿ ಗುಜರಿ ಅಂಗಡಿಯ ತಕ್ಕಡಿಗೆ ಹಾಕಿದ. ನಲವತ್ತೊಂದು ಕೆಜಿ. ಸದ್ದು ಕೇಳಬೇಕು ಅಂದಿದ್ದಳು, ಕಿವಿಯಿಟ್ಟು ಕೂತ. ಟೇಬಲ್ಲು ಮಾತಾಡಲಿಲ್ಲ. ಮಾತಾಡಲಿ ಅಂತ ಕಾದ. ಅಷ್ಟರಲ್ಲಿ ಮಾಲೀಕ ನಾಲ್ಕು ಜನರನ್ನು ಕಟ್ಟಿಕೊಂಡು ಓಡಿ ಬಂದ.

"ಹಗಲು ಹೊತ್ತಲ್ಲೇ ಕದ್ದು ಗುಜರಿಗೆ ಹಾಕ್ತೀಯೇನೋ?"

ಈಗ ನಡುಗಿದ್ದು ಟೇಬಲ್ಲಲ್ಲ, ಮೋನ. "ನಡುಗಿದ್ದು ಬೇಡ ಅಂದಿದ್ದಾರೆ" ಅಂದ.

"ನಿನಗೂ ಬೇಡ, ನಿಮ್ಮವ್ವನಿಗೂ ಬೇಡ. ಈ ಟೇಬಲ್ ನಿಮಗೆ ಮಾರೋಲ್ಲ" ಅಂತ ಅವನು ಟೇಬಲ್ ಹೊರಿಸಿಕೊಂಡು ಹೋದ. ಮೋನನ ಕೈಲೇ ಹೊರಿಸಿದ.

ಇದನ್ನು ಕೇಳಿ ಅನಸೂಯಮ್ಮ ಹಣೆ ಚಚ್ಚಿಕೊಂಡಳು. "ಟೇಬಲ್ಲನ್ನ ಯಾರಾದ್ರೂ ತೂಗ್ತಾರೇನೋ? ಟೇಬಲ್ಲಿಗೆ ನೋಡಬೇಕಾದ್ದು ಅದರ ಮೈ. ಮೈ ಸಮ ಇದೆಯಾ, ಎಲ್ಲಾದ್ರೂ ಡೊಂಕಿದೆಯಾ ಅಂತ ಒಂದು ಕಣ್ಣು ಮುಚ್ಚಿ ಓರೆಯಾಗಿ ನೋಡಬೇಕು. ಬೆರಳ ಗೆಣ್ಣಿನಲ್ಲಿ ತಟ್ಟಬೇಕು. ಟಣ್ ಅಂದ್ರೆ ಗಟ್ಟಿ. ಬೊದ್ ಅಂದ್ರೆ ಒಳಗೆ ಟೊಳ್ಳು. ಯಾವುದನ್ನೇ ಆಗಲಿ, ನಂಬೋ ಮುಂಚೆ ತಟ್ಟಿ ನೋಡು. ಮುಖದ ಹೊಳಪಿಗೆ ಮರುಳಾಗಬೇಡ."

"ಆಗಲಮ್ಮ. ನಂಬೋ ಮುಂಚೆ ತಟ್ಟಬೇಕು."

ಎರಡು ದಿನ ಕಳೆದು ಕಾಳಾಚಾರಿ ಬಂದ, ನೋಡಿಕೊಂಡು ಹೋಗೋಕೆ. ಅನಸೂಯಮ್ಮ ಒಳಗೆ ಟೀ ಕಾಯಿಸುತ್ತಿದ್ದಳು. ಅವನು ಬೆಂಚಿನ ಮೇಲೆ ಕಾಲು ಚಾಚಿ ಕೂತ.

"ಏನೋ ಮೋನ, ಮಿಷನ್ ಬಂತಾ?"

"ಇನ್ನೂ ಇಲ್ಲ ಚಿಕ್ಕಪ್ಪ."

"ಬರಲ್ಲ ಬಿಡು. ನಿಮ್ಮಮ್ಮನ ಮಾತು ಕಟ್ಕೊಂಡು ಕೆಡಬೇಡ. ನನ್ನ ನಂಬು."

ನಂಬು ಅಂದದ್ದೇ ತಡ, ಮೋನ ಎದ್ದ. ಒಂದು ಕಣ್ಣು ಮುಚ್ಚಿದ. ಚಿಕ್ಕಪ್ಪನ ಬಕ್ಕತಲೆಯ ಮಟ್ಟಕ್ಕೆ ಬಗ್ಗಿ, ಈ ಕಿವಿಯಿಂದ ಆ ಕಿವಿಯವರೆಗೆ ಓರೆಯಾಗಿ ನೋಡಿದ. ಬೆರಳ ಗೆಣ್ಣಿನಲ್ಲಿ ನೆತ್ತಿಯ ನಡುಮಧ್ಯೆ ತಟ್ಟಿದ. ಮತ್ತೊಂದು ಸಲ ತಟ್ಟಿದ.

"ಅಮ್ಮಾ" ಅಂತ ಕೂಗಿದ, "ಇದು ಬೊದ್ ಅಂತಿದೆ. ಒಳಗೆ ಟೊಳ್ಳು. ಬೇಡ."

ನಿಜ ಹೇಳಬೇಕೆಂದರೆ ಅನಸೂಯಮ್ಮನಿಗೆ, ಹುಟ್ಟಿದಾಗಿನಿಂದ ಈ ಮಗ ಸರಿಯಾಗಿ ಅಳೆದದ್ದು ಇದೊಂದನ್ನೇ ಅನ್ನಿಸಿತು. ಆದರೆ ಕಾಳಾಚಾರಿ ಟೀ ಕುಡಿಯದೆ ಎದ್ದುಬಿಟ್ಟ. "ಹುಚ್ಚನ ಕೈಲಿ ಆಯುಧ ಕೊಟ್ಟಿದ್ದೀರಿ ಅತ್ತಿಗೆ. ಯುಗಾದಿವರೆಗೂ ಕಾಯಬೇಕಾ ಅಂತ ಯೋಚನೆ ಮಾಡ್ತೀನಿ" ಅಂತ ಸ್ಕೂಟರ್ ಒದ್ದ.

ಅವಳು ಟೀ ಲೋಟ ಬೆಂಚಿಗೆ ಕುಕ್ಕಿದಳು. "ದೊಡ್ಡವರ ತಲೆ ತಟ್ತೀಯೇನೋ? ನಾನು ಅವನ ಜೊತೆ ಜಗಳ ಆಡಬಹುದು, ನೀನಲ್ಲ. ದೊಡ್ಡ ಮನುಷ್ಯರು ಎದುರಿಗೆ ಬಂದ್ರೆ ಮೊದಲು ಕಾಲಿಗೆ ಬೀಳು. 'ನೀವು ಹೇಳಿದ ಹಾಗೇ ಆಗಲಿ' ಅನ್ನು. ಅಷ್ಟು ಮಾಡಿದ್ರೆ ಯಾರಿಗೂ ಸಿಟ್ಟು ಬರೋದಿಲ್ಲ."

"ಆಗಲಮ್ಮ. ಕಾಲಿಗೆ ಬೀಳಬೇಕು."

ಇವನನ್ನು ಒಬ್ಬನೇ ಕಳಿಸಿದರೆ ಯುಗಾದಿಯಲ್ಲ, ಮುಂದಿನ ಯುಗವೇ ಬಂದೀತು ಅಂತ ಅವಳೇ ಶಿವಮೊಗ್ಗಕ್ಕೆ ಹೊರಟಳು, ಮಗನನ್ನೂ ಕರೆದುಕೊಂಡು. ಅಂಗಡಿಯಲ್ಲಿ ಇಸ್ತ್ರಿ ಅಂಗಿಯ ಸೇಲ್ಸ್‌ಮನ್ ನಿಂತಿದ್ದ. ಮೋನನಿಗೆ ನಮಸ್ಕಾರ ಮಾಡಿ, ಅವಳಿಗೆ ಸ್ಟೂಲು ತೋರಿಸಿದ.

"ದೊಡ್ಡ ಬಿಟ್ಟಿಗೆ ವೇಗ ಕಡಿಮೆ ಮಾಡೋಕೆ ಆಗ್ತದಾ?" ಕೇಳಿದಳು ಅನಸೂಯಮ್ಮ.

ಸೇಲ್ಸ್‌ಮನ್ ಮೋನನ ಕಡೆ ತಿರುಗಿ, "ಆಗುತ್ತೆ ಸಾರ್" ಅಂದ.

"ಅರ್ಧ ಇಂಚಿನ ಬಿಟ್ಟು ಹಿಡಿಯುತ್ತಾ? ಕಾಲಿಂಚಿನದು ಮಾತ್ರ ಹಿಡಿಯೋದು ಬೇಡ, ಗಟ್ಟಿ ಮರದಲ್ಲಿ ಅದು ನಡುಗುತ್ತೆ."

"ಎರಡೂ ಹಿಡಿಯುತ್ತೆ ಸಾರ್."

"ಟೇಬಲ್ಲಿಗೆ ಕಟ್ಟಿದ ಮೇಲೆ ಎತ್ತರ ಏರಿಸಿ ಇಳಿಸೋದು ಸುಲಭಾನಾ?"

"ಸಾರ್, ಅಮ್ಮನವರಿಗೆ ಹೇಳಿ, ಇದೆಲ್ಲ ಟೆಕ್ನಿಕಲ್ಲು. ನಿಮ್ಮಂಥ ದೊಡ್ಡ ಮನುಷ್ಯರಿಗೆ ಸರಿಯಾದ್ದು ಇದು" ಅಂತ, ಎರಡು ಕೈಲೂ ಎತ್ತಲಾಗದ ಒಂದು ಮಿಷನ್ ತಂದು ಮುಂದಿಟ್ಟ.

ದೊಡ್ಡ ಮನುಷ್ಯರು ಅನ್ನೋ ಮಾತು ಕಿವಿಗೆ ಬಿದ್ದದ್ದೇ ಮೋನ ಸೇಲ್ಸ್‌ಮನ್ ಕಾಲಿಗೆ ಅಡ್ಡಬಿದ್ದ. "ನೀವು ಹೇಳಿದ ಹಾಗೇ ಆಗಲಿ" ಅಂದ. ಸೇಲ್ಸ್‌ಮನ್ ಬಿಲ್ ಬುಕ್ ತೆಗೆದ.

ಅನಸೂಯಮ್ಮ ಮಗನ ಕಾಲರ್ ಹಿಡಿದು ಎಬ್ಬಿಸಿದಳು. ಆಮೇಲೆ ಸೇಲ್ಸ್‌ಮನ್ನಿಗೆ ಹೇಳಿದಳು: "ನೋಡಪ್ಪ, ಕೇಳಿದವಳು ನಾನು, ದುಡ್ಡು ತಂದವಳು ನಾನು, ಕೂತಿರೋದು ನಿನ್ನ ಮುಂದೆ. ಇನ್ನೊಂದು ಸಲ ಅವನಿಗೆ ಸಾರ್ ಅಂದ್ರೆ ಇಬ್ಬರನ್ನೂ ಸೇರಿಸಿ ಬಾರಿಸ್ತೀನಿ. ಇದು ಬೇಡ. ಇದನ್ನ ಕಟ್ಟಿದ್ರೆ ನನ್ನ ಟೇಬಲ್ಲು ನಾಲ್ಕು ದಿನಕ್ಕೆ ಬಗ್ಗುತ್ತೆ. ಆ ಚಿಕ್ಕದೂ ಬೇಡ, ಅದು ಆಟದ ಸಾಮಾನು. ಮಧ್ಯದ್ದು ತೆಗಿ. ಕರೆಂಟಿಗೆ ಹಾಕು."

ಮಧ್ಯದ್ದು ಓಡಿತು. ಒಮ್ಮೆಲೇ ಜಿಗಿಯದೆ ಮೆಲ್ಲಗೆ ವೇಗ ಹಿಡಿಯಿತು. ಅವಳು ಅದರ ಮೈಮೇಲೆ ಅಂಗೈ ಇಟ್ಟಳು. ನಡುಕವಿಲ್ಲ. ಉಳಿ ಮುಟ್ಟದ ಕೈ, ಮೂವತ್ತು ವರ್ಷದ ಮೇಲೆ, ಓಡುತ್ತಿರುವ ಆಯುಧ ಮುಟ್ಟಿತ್ತು. ಕೈ ತೆಗೆಯೋದು ಒಂದು ಗಳಿಗೆ ತಡವಾಯಿತು.

"ಇದನ್ನ ಕಟ್ಟಪ್ಪ" ಅಂದಳು. ಟೇಬಲ್ಲನ್ನು ಮನೆಯಲ್ಲೇ ಮಾಡೋದು ಅಂತ ನಿರ್ಧಾರವಾಯಿತು.

ಬರುವಾಗ ರೈಲಿನಲ್ಲಿ ಮಗನಿಗೆ ಹೇಳಿದಳು. "ಎದುರಿಗಿದ್ದವರು ಹೇಳಿದ್ದಕ್ಕೆಲ್ಲ ಹೂಂ ಅಂದ್ರೆ ನಮ್ಮನ್ನ ಮಾರಿ ತಿಂತಾರೆ. ಯಾರೇ ಏನೇ ಕೇಳಲಿ, ಮೊದಲು ಇಲ್ಲ ಅನ್ನು. ಮೂರು ಸಲ ಅನ್ನು. ಆಮೇಲೆ ನನ್ನ ಕೇಳು."

"ಆಗಲಮ್ಮ. ಮೂರು ಸಲ ಇಲ್ಲ."

ಮಾರನೆಯ ದಿನ ಅವಳು ಮರ ತರೋಕೆ ಸಾಮಿಲ್ಲಿಗೆ ಹೋಗಿದ್ದಾಗ ಸುಲೋಚನಾ ಟೀಚರ್ ಬಂದರು. ಮೋನನಿಗೆ ಒಂದನೇ ಕ್ಲಾಸು ಕಲಿಸಿದವರು, ಎರಡು ವರ್ಷ ಒಂದನೇ ಕ್ಲಾಸನ್ನೇ ಕಲಿಸಿದವರು.

"ಮೋನ, ಬಾಗಿಲು ಶುರು ಮಾಡಿದ್ರೇನಪ್ಪ?"

"ಇಲ್ಲ."

"ಯುಗಾದಿಗೆ ಆಗುತ್ತೆ ತಾನೆ?"

"ಇಲ್ಲ."

ಟೀಚರ್ ಕನ್ನಡಕ ತೆಗೆದರು. "ಮಾಡೋ ಮನಸ್ಸಾದ್ರೂ ಇದೆಯೇನೋ?"

"ಇಲ್ಲ" ಅಂದ ಮೋನ. ಮೂರಾಯಿತು ಅಂತ ಖುಷಿಯಿಂದ, "ಇನ್ನು ಅಮ್ಮನ್ನ ಕೇಳ್ಬೇಕು" ಅಂದ. ಅದನ್ನು ಕೇಳೋಕೆ ಟೀಚರ್ ಅಲ್ಲಿರಲಿಲ್ಲ. ನೆಟ್ಟಗೆ ಕಾಳಾಚಾರಿಯ ಪ್ಲಾಸ್ಟಿಕ್ ಅಂಗಡಿಗೆ ಹೋಗಿದ್ದರು.

ಸಾಮಿಲ್ಲಿನಿಂದ ಬಂದು ವಿಷಯ ತಿಳಿದದ್ದೇ ಅನಸೂಯಮ್ಮ ಸೆರಗು ಬಿಗಿದು ಓಡಿದಳು. ಟೀಚರ್ ಕೈಯಲ್ಲಿ ಕ್ಯಾಟಲಾಗು ಹಿಡಿದಿದ್ದರು, ಕಾಳಾಚಾರಿ ಪುಟ ತಿರುಗಿಸುತ್ತಿದ್ದ. ಅನಸೂಯಮ್ಮ ನಡುವೆ ನುಗ್ಗಿದಳು. "ಟೀಚರೇ, ನೀವೇ ಅವನಿಗೆ ಪಾಠ ಹೇಳಿದವರು. ಅವನ ಮಾತಿಗೆ ಬೆಲೆ ಕೊಡೋದಾ? ಅಮಾವಾಸ್ಯೆ ಸಂಜೆಗೆ ಹದಿನಾಲ್ಕೂ ತಗೊಂಡು ಹೋಗಿ. ಒಂದು ಕಡಿಮೆ ಆದ್ರೂ ಈ ಪ್ಲಾಸ್ಟಿಕ್ಕನ್ನ ನಾನೇ ಹೊತ್ತು ತಂದು ಹಾಕ್ತೀನಿ."

"ಅಮಾವಾಸ್ಯೆಗಾ?" ಅಂದ ಕಾಳಾಚಾರಿ.

"ಅಮಾವಾಸ್ಯೆ ಸಂಜೆಗೆ" ಅಂದಳು. ಟೀಚರ್ ಕ್ಯಾಟಲಾಗು ಮುಚ್ಚಿದರು. ಪೂರ್ತಿ ಮುಚ್ಚಲಿಲ್ಲ, ನಡುವೆ ಬೆರಳಿಟ್ಟುಕೊಂಡಿದ್ದರು.

ಮನೆಗೆ ಬಂದು ಮಗನನ್ನು ಎದುರು ನಿಲ್ಲಿಸಿಕೊಂಡಳು. ಬೈಯೋಕೆ ಹೊಸ ಮಾತು ಉಳಿದಿರಲಿಲ್ಲ, ಹಳೆಯದನ್ನೇ ಬೈದಳು. ಆಮೇಲೆ ಹೇಳಿದಳು: "ಇನ್ನು ನಿನ್ನ ಬುದ್ಧಿ ಬಳಸಲೇಬೇಡ. ನಾನು ಹೇಳಿದಷ್ಟು, ಹೇಳಿದ ಹಾಗೆ."

"ಆಗಲಮ್ಮ. ಹೇಳಿದ ಹಾಗೆ."

ಹೇಳಿದಳು. ಹಲಗೆ ಕೊಯ್ದ, ಕೂಡಿಸಿದ, ಹದಿನಾಲ್ಕು ಬಾಗಿಲಿನ ಮೈ ಸಿದ್ಧವಾಯಿತು. ಅಂಚು ಮಾತ್ರ ಬಾಕಿ. ದಪ್ಪ ಪ್ಲೈವುಡ್ ಮೇಲೆ ಸನ್ಮೈಕ ಅಂಟಿಸಿ ಟೇಬಲ್ಲು ಮಾಡಿದ, ನಡುವೆ ತೂತು ಕೊರೆದ. ಕಾಲು ಒಂದಿಂಚೂ ಅಲುಗದು. ಅವಳಿಗೇ ಹೆಮ್ಮೆಯಾಯಿತು. "ಇನ್ನು ಮಿಷನ್ ಕಟ್ಟು. ನೋಡು, ಟೇಬಲ್ಲಿನಲ್ಲಿ ಮಿಷನ್ ತಲೆಕೆಳಗಾಗಿ ನಿಲ್ಲಬೇಕು" ಅಂತ ಹೇಳಿ ಅನ್ನಕ್ಕಿಡೋಕೆ ಹೋದಳು.

ಬಂದು ನೋಡಿದರೆ ಮಿಷನ್ ಟೇಬಲ್ಲಿನ ಮೇಲ್ಮೈಗೆ ನಾಲ್ಕು ಬೋಲ್ಟಿನಲ್ಲಿ ಭದ್ರವಾಗಿ ಕೂತಿದೆ. ಟೇಬಲ್ಲು ನಾಲ್ಕೂ ಕಾಲು ಆಕಾಶಕ್ಕೆ ಮಾಡಿ, ಎರಡು ಇಟ್ಟಿಗೆ ಗುಡ್ಡೆಯ ಮೇಲೆ ಅಂಗಾತ ಬಿದ್ದಿದೆ. ಮಿಷನ್ ಕೆಳಗೆ ನೇತಾಡುತ್ತಿದೆ.

"ತಲೆಕೆಳಗಾಯ್ತಮ್ಮ" ಅಂದ ಮೋನ.

ಬೋಲ್ಟು ಬಿಚ್ಚಿ, ಬೋಲ್ಟಿನ ತೂತು ಮುಚ್ಚಿ, ಬಿಟ್ಟಿನ ಮೂತಿ ನಡುವಿನ ತೂತಿನಿಂದ ಮೇಲೆ ಬರುವ ಹಾಗೆ ಅಡಿಯಿಂದ ಮತ್ತೆ ಕಟ್ಟೋದಕ್ಕೆ ಒಂದು ದಿನ ಹೋಯಿತು. ಅಮಾವಾಸ್ಯೆಗೆ ಒಂದೇ ದಿನ ಉಳಿಯಿತು.

ಆ ದಿನ ಬೆಳಗ್ಗೆ ಅವಳು ಟೇಬಲ್ಲಿನ ಮುಂದೆ ನಿಂತು ಕೈಯಾಡಿಸಿ ಹೇಳಿದಳು. "ಮಿಷನ್ ಕೈಲಿ ಹಿಡಿದು ಕೆಲಸ ಮಾಡಿದ್ರೆ ಎಡದಿಂದ ಬಲಕ್ಕೆ ಹೋಗಬೇಕು. ಇಲ್ಲಿ ಅದು ತಲೆಕೆಳಗಾಗಿದೆ, ಅದಕ್ಕೇ ಹಲಗೇನ ಬಲದಿಂದ ಎಡಕ್ಕೆ ತಳ್ಳಬೇಕು. ನೋಡು, ಹೀಗೆ. ಉಲ್ಟಾ ತಳ್ಳಿದ್ರೆ ಬಿಟ್ಟು ಹಲಗೇನ ಕಿತ್ತು ಎಸೆಯುತ್ತೆ. ನನ್ನ ಕೈ ನೋಡ್ಕೋ, ಹೀಗೇ ತಳ್ಳಬೇಕು."

"ಆಗಲಮ್ಮ" ಅಂದ ಮೋನ, ಟೇಬಲ್ಲಿನ ಆಚೆ ಬದಿಯಲ್ಲಿ ನಿಂತು.

ಅವಳ ಕೈ ಹೋದ ದಿಕ್ಕಿಗೇ ತಳ್ಳಿದ. ಅವಳ ಬಲದಿಂದ ಅವಳ ಎಡಕ್ಕೆ. ಎದುರು ನಿಂತವನಿಗೆ ಅದು ಎಡದಿಂದ ಬಲಕ್ಕೆ ಅನ್ನೋದು ಅವನಿಗೆ ಸಂಬಂಧಪಡದ ವಿಷಯ. ಮಿಷನ್ ಒಮ್ಮೆ ಅರಚಿತು. ಬಾಗಿಲ ಹಲಗೆ ಅವನ ಕೈಯಿಂದ ಹಾರಿ ಸುಣ್ಣದ ಗೋಡೆಗೆ ಬಡಿದು ಎರಡು ಹೋಳಾಯಿತು. ಬೆರಳು ಉಳಿದದ್ದು ದೊಡ್ಡದು.

ಅನಸೂಯಮ್ಮ ಮೊದಲು ಅವನ ಹತ್ತೂ ಬೆರಳು ಎಣಿಸಿದಳು. ಆಮೇಲೆ ಮಿಷನ್ ಆಫ್ ಮಾಡಿದಳು. ಅವತ್ತು ಬೈಯಲಿಲ್ಲ. ಅವಳು ಬೈಯದೆ ಇದ್ದದ್ದು ನೋಡಿ ಮೋನನಿಗೆ ಅಳು ಬಂತು. ಅವನ ಕೈಲಿ ಒಡೆದ ಬಾಗಿಲಿಗೆ ಬದಲು ಇನ್ನೊಂದು ಮಾಡಿಸಿದಳು, ಅದರಲ್ಲೇ ಸಂಜೆಯಾಯಿತು. ಮಿಷನ್ ಹತ್ತಿರ ಮಾತ್ರ ಬಿಡಲಿಲ್ಲ.

ಅಮಾವಾಸ್ಯೆ ಬೆಳಗಾಯಿತು. ಅನಸೂಯಮ್ಮ ಸ್ನಾನ ಮಾಡಿ, ಗಂಡನ ಉಳಿಗಳ ಮುಂದೆ ದೀಪ ಹಚ್ಚಿದಳು.

"ಉಳಿ ಮುಟ್ಟಬಾರದು ಅಂದ್ರು, ಮುಟ್ಟಲಿಲ್ಲ. ಇದು ಉಳಿ ಅಲ್ಲ, ಮಿಷನ್ನು. ಮಿಷನ್ ಮುಟ್ಟಬೇಡ ಅಂತ ಯಾವ ಹಿರಿಯನೂ ಹೇಳಿ ಸತ್ತಿಲ್ಲ. ಅವರ ಕಾಲಕ್ಕೆ ಕರೆಂಟೇ ಇರಲಿಲ್ಲ. ಇನ್ನು ಅಮಾವಾಸ್ಯೆ. ಅದಕ್ಕೆ ಬೇಕಾದ್ರೆ ನೀವೇ ಬಂದು ನನ್ನ ಜೊತೆ ಜಗಳ ಆಡಿ" ಅಂತ ಗಂಡನ ಫೋಟೋಕ್ಕೆ ಹೇಳಿದಳು. ಫೋಟೋ ಎಂದಿನಂತೆ ಬಾಯಿ ಮುಚ್ಚಿಕೊಂಡಿತ್ತು.

ಶೆಡ್ಡಿನ ಬಾಗಿಲಿಗೆ ಒಳಚಿಲಕ ಮುರಿದು ಹನ್ನೆರಡು ವರ್ಷ. ಊರ ಬಾಗಿಲಿಗೆಲ್ಲ ಚಿಲಕ ಹಾಕಿದ ರುದ್ರಾಚಾರಿಗೆ ತನ್ನ ಬಾಗಿಲಿಗೆ ಬಿಡುವಾಗಲಿಲ್ಲ. ಒಳಗಿನಿಂದ ಭದ್ರ ಮಾಡುವಂತಿರಲಿಲ್ಲ.

"ಮೋನ, ನಾ ಒಳಗಿರ್ತೀನಿ. ಹೊರಗಿನಿಂದ ಬೀಗ ಹಾಕು. ನಿಮ್ಮ ಚಿಕ್ಕಪ್ಪ ಬಂದೇ ಬರ್ತಾನೆ, ಒಳಗೆ ಬಿಡಬೇಡ. ಬೀಗದ ಕೈ ಯಾರ ಕೈಗೂ ಕೊಡಬೇಡ. ದೇವರು ಬಂದು ಕೇಳಿದ್ರೂ ಕೊಡಬೇಡ. ನಾನೇ ಕೇಳಿದ್ರೂ ಕೊಡಬೇಡ. ತಿಳೀತಾ?"

ಸಿಟ್ಟು ಬಂದಾಗ ಜಾಣರೂ ಮೋನನ ದಾಯಾದಿಗಳೇ. ಆ ಕೊನೆಯ ಮಾತು ಬಾಯಿಂದ ಹೊರಬಿದ್ದದ್ದು ಅವಳ ಗಮನಕ್ಕೇ ಬರಲಿಲ್ಲ.

"ಆಗಲಮ್ಮ. ಯಾರ ಕೈಗೂ ಕೊಡಲ್ಲ" ಅಂದ ಮೋನ. ಬೀಗ ಜಡಿದ.

ಒಳಗೆ ಮಿಷನ್ ಹೊರಟಿತು. ಅವಳು ಬಲದಿಂದ ಎಡಕ್ಕೆ ತಳ್ಳಿದಳು. ಮೊದಲ ಹಲಗೆಯ ಅಂಚು ಸುರುಳಿ ಸುರುಳಿ ಹೊಟ್ಟಾಗಿ ಅವಳ ಕಾಲ ಮೇಲೆ ಬಿತ್ತು. ಎರಡು ಗೆರೆ, ಒಂದು ಗುಂಡು. ಬೆರಳಾಡಿಸಿ ನೋಡಿದಳು. ಅಲ್ಲೊಂದು ಕಡೆ ಸ್ವಲ್ಪ ಸುಟ್ಟಿತ್ತು, ನಿಧಾನ ಮಾಡಿದ್ದಕ್ಕೆ. ಎರಡನೆಯದರಲ್ಲಿ ಅದೂ ಇರಲಿಲ್ಲ. ಮೂರನೆಯದರ ಹೊತ್ತಿಗೆ ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಇಷ್ಟೇನಾ? ಇಷ್ಟಕ್ಕಾ ಮೂವತ್ತು ವರ್ಷ ದೂರ ನಿಲ್ಲಿಸಿದ್ದು?

ರೌಟರಿನ ಸದ್ದು ರೈಲ್ವೆ ಗೇಟಿನಾಚೆಗೂ ಕೇಳುತ್ತೆ. ಹನ್ನೊಂದು ಗಂಟೆಗೆ ಝಣ ಝಣ ಸದ್ದೂ ಬಂತು. ಮೋನ ಓಡಿ ಹೋಗಿ ಚಿಕ್ಕಪ್ಪನ ಕಾಲಿಗೆ ಬಿದ್ದ. ಉದ್ದಕ್ಕೆ ಬಿದ್ದ, ಜುಬ್ಬ ಹಿಡಿದುಕೊಂಡು ಎದ್ದ.

"ಇರಲಿ, ಇಷ್ಟಾದ್ರೂ ಕಲ್ತಿದೀಯಲ್ಲ" ಅಂದ ಕಾಳಾಚಾರಿ. "ಅಮಾವಾಸ್ಯೆ ದಿನ ಒಳಗೆ ಮಿಷನ್ ಓಡಿಸ್ತಿರೋರು ಯಾರೋ?"

"ಅಮ್ಮ."

"ಹೆಂಗಸು. ಅಮಾವಾಸ್ಯೆ. ಆಚಾರಿ ಶೆಡ್ಡು." ಕಾಳಾಚಾರಿ ಒಂದೊಂದೇ ಬೆರಳು ಮಡಿಸಿದ. "ಬೀಗದ ಕೈ ಕೊಡೋ."

"ಇಲ್ಲ."

"ಎಲ್ಲಿಟ್ಟಿದ್ದೀಯ?"

"ಹೇಳೋ ಹಾಗಿಲ್ಲ."

ಕಾಳಾಚಾರಿ ಮೋನನ ಅಂಗಿ ಜೇಬು ನೋಡಿದ, ಪ್ಯಾಂಟು ಜೇಬು ನೋಡಿದ, ಬಾಯಿ ತೆರೆಸಿ ನೋಡಿದ. ಕಲ್ಲು ಎತ್ತಿದ, ಹಂಚಿನ ಸಂದಿಯಲ್ಲಿ ಕೈಯಾಡಿಸಿದ. ಸಿಗಲಿಲ್ಲ. ಕಂಬಿ ಕಿಟಕಿಯಲ್ಲಿ ಮುಖವಿಟ್ಟು ಕೂಗಿದ.

"ಅತ್ತಿಗೆ, ನಿಲ್ಲಿಸಿ. ಮನೆತನಕ್ಕೆ ಕೇಡು."

"ಮನೆತನದವರು ಪ್ಲಾಸ್ಟಿಕ್ ಮಾರಿದಾಗ ಬರದ ಕೇಡು ಈಗ್ಯಾಕೆ ಬರ್ತದೆ ಕಾಳಪ್ಪ?" ಅಂತ ಒಳಗಿನಿಂದ ಮಾತು ಬಂತು. "ಬೆಳಕಿಗೆ ಅಡ್ಡ ನಿಲ್ಲಬೇಡ."

ಅವನು ಕಟ್ಟೆ ಮೇಲೆ ಕೂತುಬಿಟ್ಟ. ಹೊರಗೆ ಬರಲೇಬೇಕಲ್ಲ, ನೋಡೇ ಬಿಡ್ತೀನಿ ಅಂತ ಅಡಿಕೆ ಅಗಿಯುತ್ತ ಕೂತ. ಮಧ್ಯಾಹ್ನವಾಯಿತು. ಬಿಸಿಲು ಇಳಿಯಿತು. ಐದು ಗಂಟೆಗೆ ಸುಲೋಚನಾ ಟೀಚರ್ ಲಗೇಜ್ ಆಟೋ ತಂದರು. ಅದೇ ಹೊತ್ತಿಗೆ ಮಿಷನ್ ನಿಂತಿತು.

"ಹದಿನಾಲ್ಕೂ ಆಯ್ತು ಟೀಚರೇ" ಅಂದಳು ಅನಸೂಯಮ್ಮ ಕಿಟಕಿಯಿಂದ. "ಮೋನ, ಬೀಗ ತೆಗಿ."

"ಇಲ್ಲ."

"ಏನು ಇಲ್ಲ? ಬೀಗದ ಕೈ ತಂದು ತೆಗಿಯೋ."

"ಇಲ್ಲ."

"ನಾನು ಕಣೋ ನಿಮ್ಮಮ್ಮ."

"ಇಲ್ಲಮ್ಮ. ನೀನೇ ಕೇಳಿದ್ರೂ ಕೊಡಬೇಡ ಅಂದಿದ್ದೆ. ದೇವರು ಕೇಳಿದ್ರೂ ಅಂದಿದ್ದೆ, ಅವರು ಬರಲಿಲ್ಲ."

ಕಾಳಾಚಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಟೀಚರೇ, ಬಾಗಿಲು ಮಾಡಿದ್ರಂತೆ, ತೆಗೆಯೋಕೆ ಬರಲ್ಲವಂತೆ. ಸಂಜೆ ಆಯ್ತು. ನನ್ನ ಅಂಗಡೀಲಿ ರೆಡಿ ಇದೆ, ಈಗಲೇ ಹಾಕಿಸ್ತೀನಿ."

ಟೀಚರ್ ಗಡಿಯಾರ ನೋಡಿದರು. ಬೆಳಗ್ಗೆ ಹಾಲುಕ್ಕಬೇಕು. ಆಟೋದವನು ಹಾರನ್ ಹೊಡೆದ.

ಒಳಗೆ ಸದ್ದಿಲ್ಲ. ಮೋನನಿಗೆ ಆ ಸದ್ದಿಲ್ಲದ್ದರ ಗುರುತು ಹತ್ತಿತು, ಎರಡು ಹೆಜ್ಜೆ ಹಿಂದೆ ಸರಿದ.

ಅನಸೂಯಮ್ಮ ಟೇಬಲ್ಲಿನಿಂದ ರೌಟರ್ ಬಿಚ್ಚಿದಳು. ನೇರ ಬಿಟ್ಟು ಹಾಕಿದಳು. ಈಗ ಮಿಷನ್ ಕೈಯಲ್ಲಿತ್ತು, ದಿಕ್ಕು ಬೇರೆ. ಗಂಡ ಮಾಡಿದ ತೇಗದ ಬಾಗಿಲಿಗೆ, ಒಳಗಿನಿಂದ, ಹೊರಚಿಲಕ ಕೂತ ಜಾಗದ ಸುತ್ತ ಬಿಟ್ಟು ಇಳಿಸಿದಳು. ಒಂದು ಸುತ್ತು, ಸ್ವಲ್ಪ ಆಳ. ಇನ್ನೊಂದು ಸುತ್ತು, ಇನ್ನೂ ಸ್ವಲ್ಪ. ಹೊರಗೆ ನಿಂತವರಿಗೆ ಬಾಗಿಲೊಳಗೆ ಜೀರುಂಡೆ ಹೊಕ್ಕ ಹಾಗೆ ಕೇಳಿಸಿತು. ಆಮೇಲೆ ತೇಗದ ಮೈಯಿಂದ ಬಿಟ್ಟಿನ ಮೂತಿ ಹೊರಬಂತು. ಹೊಟ್ಟು, ಬಗ್ಗಿ ಕಿವಿಗೊಟ್ಟಿದ್ದ ಕಾಳಾಚಾರಿಯ ಬಕ್ಕತಲೆಯ ಮೇಲೆ ಉದುರಿತು.

ಬಾಗಿಲು ತೆರೆಯಿತು. ಬೀಗ ಹಾಕಿದ್ದು ಹಾಕಿದ ಹಾಗೇ, ಅಂಗೈಯಗಲ ತೇಗದ ತುಂಡನ್ನು ಹಿಡಿದುಕೊಂಡು ಚೌಕಟ್ಟಿನಲ್ಲೇ ನೇತಾಡುತ್ತಿತ್ತು. ಅನಸೂಯಮ್ಮ ಹೊರಗೆ ಬಂದಳು, ರೆಪ್ಪೆಯವರೆಗೂ ಹೊಟ್ಟು.

ಟೀಚರ್ ಒಳಗೆ ಹೋಗಿ ಒಂದು ಬಾಗಿಲು ಬೆಳಕಿಗೆ ತಂದರು. ಕಾಳಾಚಾರಿ ಏನೇ ಆದರೂ ಆಚಾರಿ ಮನೆಯಲ್ಲಿ ಹುಟ್ಟಿದವನು. ಕೈ ತಡೆಯಲಿಲ್ಲ. ಹೆಬ್ಬೆರಳು ಅಂಚಿನ ಮೇಲೆ ಒಂದು ಸಲ ಹೋಯಿತು, ಹಿಂದಕ್ಕೂ ಬಂತು.

"ಇದು ಅಣ್ಣನ ಕೈ ಇದ್ದ ಹಾಗಿದೆ" ಅಂದ.

"ಅಲ್ಲ. ಇದು ನನ್ನ ಕೈ" ಅಂದಳು ಅನಸೂಯಮ್ಮ. "ಬೀಗ ಬೇಕು ಅಂತಿದ್ದೆಯಲ್ಲ, ಅಲ್ಲೇ ನೇತಾಡ್ತಿದೆ. ಚೌಕಟ್ಟು ಕೊಯ್ದು ತಗೊಂಡು ಹೋಗು. ಶೆಡ್ಡು ಮಾತ್ರ ಇಲ್ಲೇ ಇರುತ್ತೆ."

ಹದಿನಾಲ್ಕು ಬಾಗಿಲು ಆಟೋ ಏರಿದವು, ಜೊತೆಗೆ ಟೀಚರೂ. ಕಾಳಾಚಾರಿ ತಲೆ ಕೊಡವಿಕೊಂಡು ಸ್ಕೂಟರ್ ಕಡೆ ನಡೆದ, ಝಣ ಝಣ. ಅನಸೂಯಮ್ಮ ತೂತುಬಿದ್ದ ಬಾಗಿಲನ್ನು ನೋಡಿದಳು, ಮಗನನ್ನು ನೋಡಿದಳು. ಅವನು ಎರಡು ಹೆಜ್ಜೆ ದೂರದಲ್ಲೇ ನಿಂತಿದ್ದ.

"ಈಗಲಾದ್ರೂ ಹೇಳೋ. ಬೀಗದ ಕೈ ಎಲ್ಲಿಟ್ಟಿದ್ದೆ? ನಿಮ್ಮ ಚಿಕ್ಕಪ್ಪ ಅಂಥವನಿಗೇ ಸಿಗಲಿಲ್ಲವಲ್ಲ."

"ಯಾರ ಕೈಗೂ ಕೊಡಲಿಲ್ಲಮ್ಮ" ಅಂದ ಮೋನ. ಜೀವನದಲ್ಲಿ ಮೊದಲ ಸಲ ಪೂರ್ತಿ ಸರಿ ಮಾಡಿದ ಧೈರ್ಯ ಅವನ ಮುಖದಲ್ಲಿತ್ತು. "ಕೈಗೆ ಕೊಡಬೇಡ ಅಂದೆ. ಅದಕ್ಕೇ, ಕಾಲಿಗೆ ಬಿದ್ದು ಏಳೋವಾಗ, ಚಿಕ್ಕಪ್ಪನ ಜುಬ್ಬದ ಜೇಬಿಗೆ ಹಾಕಿದೆ."